ಎಲುಬು ಕೂಡಿದ ಮೇಲೆ

"ಎಲುಬು ಚೆನ್ನಾಗಿ ಕೂಡಿದೆ" ಅಂತ ಡಾಕ್ಟರ್ ಕಾರ್ ಅಪಘಾತದಲ್ಲಿ ಮುರಿದ ನನ್ನ ಎಡ ತೊಡೆಯ ಎಕ್ಸ್‌ರೇ ನೋಡಿ ಹೇಳಿದಾಗ ಮನೆಯವರೆಲ್ಲ ಇನ್ನು ಗೆದ್ದೆವು ಅಂದುಕೊಂಡರು. ನಮ್ಮತ್ತೆ ಓಣಿಗೆಲ್ಲ ಪೇಢೆ ಹಂಚಿದರು. ಆದರೆ ಅವತ್ತಿಗೆ ನನಗೆ ನೆಲದ ಮೇಲೆ ಕುಳಿತುಕೊಳ್ಳಲು ಬರುತ್ತಿರಲಿಲ್ಲ. ಎಡ ಮೊಣಕಾಲು ಒಂದು ಮಟ್ಟದ ಆಚೆ ಮಡಚುತ್ತಲೇ ಇರಲಿಲ್ಲ. ನಮ್ಮ ಕಡೆ ಅರ್ಧ ಬದುಕು ನೆಲದ ಮೇಲೇ ಅಲ್ವಾ? ಊಟ, ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಪೂಜೆ, ಕುಬಸದ (ಸೀಮಂತದ) ಹಾಡು, ಯಾರಾದರೂ ತೀರಿಕೊಂಡ ಮನೆಗೆ ಹೋದರೆ ಅವರ ಪಕ್ಕ ಕುಳಿತು ಸಮಾಧಾನ ಹೇಳುವುದು, ಎಲ್ಲ ನೆಲದ ಮೇಲೆ. ಅದೆಲ್ಲದರಿಂದ ದೂರ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡುವವಳಾಗಿದ್ದೆ ನಾನು.

ಅಪಘಾತ ಹೇಗಾಯ್ತು ಅಂತ ಕೇಳುವವರು ಬಹಳ ಜನ. ಯಾರ ತಪ್ಪು, ಗಾಡಿ ಏನಾಯ್ತು, ಎಷ್ಟು ಖರ್ಚಾಯ್ತು ಅಂತಲೂ ಕೇಳುತ್ತಾರೆ. ಆಮೇಲಿನ ತಿಂಗಳುಗಳ ಬಗ್ಗೆ ಕೇಳುವವರು ಕಡಿಮೆ. ನಾನು ಬರೆಯುತ್ತಿರುವುದು ಆ ತಿಂಗಳುಗಳ ಬಗ್ಗೆ. ಯಾಕಂದರೆ ಮನೆಯಲ್ಲಿ ನಮ್ಮನ್ನು ತುಂಬಾ ಪ್ರೀತಿಸುವವರೇ "ಅಲ್ಲಾಡಬ್ಯಾಡ, ಸುಮ್ನ ಮಲಕ್ಕೊ" ಅಂತ ಹೇಳಿ ಹೇಳಿ ನಮ್ಮ ಕೀಲುಗಳನ್ನು ಬಿಗಿ ಮಾಡಿಬಿಡುತ್ತಾರೆ. ಅದು ನನಗೆ ಆಗಿದೆ, ಇನ್ನೊಬ್ಬರಿಗೆ ಆಗಬಾರದು.

ಆದರೂ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

2022ರ ಡಿಸೆಂಬರ್. ಸಿಂಧನೂರಲ್ಲಿ ನಮ್ಮ ಚಿಕ್ಕಪ್ಪನ ಮಗಳ ಕುಬಸ ಮುಗಿಸಿಕೊಂಡು ಸಿರುಗುಪ್ಪಕ್ಕೆ ವಾಪಸ್ ಬರುತ್ತಿದ್ದೆವು. ಗಾಡಿ ಓಡಿಸುತ್ತಿದ್ದವರು ನಮ್ಮ ಮನೆಯವರು. ಪಕ್ಕದ ಸೀಟಲ್ಲಿ ನಾನು, ಹಿಂದೆ ಅತ್ತೆ. 150ಎ ಹೆದ್ದಾರಿ ಅದು, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಎಲ್ಲವನ್ನೂ ದಾಟಿಕೊಂಡು ಕೆಳಗೆ ಚಾಮರಾಜನಗರದವರೆಗೂ ಹೋಗುತ್ತದೆ. ದಢೇಸುಗೂರು ಹತ್ತಿರ ತುಂಗಭದ್ರೆ ದಾಟಿ ಬಳ್ಳಾರಿ ಜಿಲ್ಲೆಗೆ ಬಂದಿದ್ದೆವು. ಆ ಭಾಗದಲ್ಲಿ ಡಿಸೆಂಬರ್ ಅಂದರೆ ಭತ್ತದ ಕಟಾವು. ರಸ್ತೆ ತುಂಬ ಭತ್ತ ಕೊಯ್ಯುವ ಮಷಿನ್‌ಗಳು, ಅಂಚಿನಲ್ಲಿ ಒಣಹಾಕಿದ ಭತ್ತ, ಅದು ತುಳಿದುಹೋಗದಿರಲಿ ಅಂತ ಸುತ್ತ ಇಟ್ಟ ಕಲ್ಲುಗಳು, ಹುಲ್ಲು ಹೇರಿದ ಟ್ರಾಲಿಗಳು. ಹೊತ್ತು ಮುಳುಗಿ ಪೂರ್ತಿ ಕತ್ತಲೆಯೂ ಅಲ್ಲದ, ಬೆಳಕೂ ಅಲ್ಲದ ಹೊತ್ತು. ಎದುರಿಂದ ಬರುವ ಲಾರಿಯವರು ಹೈ ಬೀಮ್ ಹಾಕಿಕೊಂಡೇ ಬರುತ್ತಾರೆ.

ಅಂಥ ಒಂದು ಲಾರಿ ದಾಟಿದ ತಕ್ಷಣ ನಮ್ಮ ಮುಂದೆ ಒಂದು ಹುಲ್ಲಿನ ಟ್ರಾಲಿ ನಿಂತಿತ್ತು. ಟೈರ್ ಪಂಚರ್ ಆಗಿ ನಿಂತಿದ್ದು. ಹಿಂದೆ ದೀಪ ಇಲ್ಲ, ಕೆಂಪು ಪಟ್ಟಿ ಇಲ್ಲ, ಒಂದು ಟೊಂಗೆ ಮುರಿದು ಹಾಕಿರಲೂ ಇಲ್ಲ. ಹುಲ್ಲು ಎರಡೂ ಬದಿಗೆ ಜೋತುಬಿದ್ದು ಇಡೀ ಟ್ರಾಲಿಯೇ ಕತ್ತಲೆಯ ಬಣ್ಣಕ್ಕೆ ತಿರುಗಿತ್ತು. ಮನೆಯವರು ಬ್ರೇಕ್ ಒತ್ತಿ ಬಲಕ್ಕೆ ತಿರುಗಿಸಿದರು. ಬಲಭಾಗ ತಪ್ಪಿತು. ಎಡಭಾಗ, ಅಂದರೆ ನಾನು ಕುಳಿತಿದ್ದ ಕಡೆ, ಹೋಗಿ ಹೊಡೆಯಿತು.

ಸದ್ದು ನನಗೆ ನೆನಪಿಲ್ಲ. ನೆನಪಿರುವುದು ವಾಸನೆ. ಏರ್‌ಬ್ಯಾಗ್ ತೆರೆದುಕೊಂಡಾಗ ಬಿಳಿ ಪುಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಅದರ ಜೊತೆ ಹಸಿ ಹುಲ್ಲಿನ ವಾಸನೆ. ಒಡೆದ ಗಾಜಿನಿಂದ ಹುಲ್ಲು ಒಳಗೆ ನುಗ್ಗಿ ಮಡಿಲ ತುಂಬ ಬಿದ್ದಿತ್ತು. ನನ್ನ ಎಡಪಾದ ಹೊರಗಡೆಗೆ ತಿರುಗಿಕೊಂಡಿತ್ತು. ನನ್ನ ಕಾಲು ಹಾಗೆ ತಿರುಗಲು ಸಾಧ್ಯವಿಲ್ಲ ಅಂತ ನನಗೆ ಗೊತ್ತು, ಆದರೆ ಅದು ಹಾಗೇ ಇತ್ತು. ನೋವು ಇನ್ನೂ ಶುರುವಾಗಿರಲಿಲ್ಲ.

ಅತ್ತೆಯ ಬಗ್ಗೆ ಒಂದು ಮಾತು. ಅದೇ ವರ್ಷ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ಕಾರ್ ಅಪಘಾತದಲ್ಲಿ ತೀರಿಕೊಂಡಿದ್ದರು. ಹಿಂದಿನ ಸೀಟಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಆ ಸುದ್ದಿ ನೋಡಿದ ಮೇಲೆ ನಮ್ಮ ಮನೆಯವರು ಹಿಂದೆ ಕುಳಿತವರು ಬೆಲ್ಟ್ ಹಾಕುವವರೆಗೆ ಗಾಡಿ ಚಾಲು ಮಾಡುತ್ತಿರಲಿಲ್ಲ. ಅತ್ತೆ ಪ್ರತಿ ಸಲ ಗೊಣಗುತ್ತಿದ್ದರು, ಸೀರೆ ಮುದುಡುತ್ತದೆ ಅಂತ. ಅವತ್ತು ಅವರಿಗೆ ಕತ್ತಿನ ಕೆಳಗಿನ ಎಲುಬಲ್ಲಿ ಒಂದು ಬಿರುಕು, ಎದೆ ಮೇಲೆ ಅಡ್ಡಕ್ಕೆ ಬೆಲ್ಟಿನ ನೀಲಿ ಗುರುತು, ಅಷ್ಟೇ. ಬೆಲ್ಟ್ ಇರದಿದ್ದರೆ ಅವರ ಇಡೀ ಭಾರ ನನ್ನ ಸೀಟಿನ ಬೆನ್ನಿಗೆ ಬಂದು ಬೀಳುತ್ತಿತ್ತು. ಹಿಂದೆ ಕುಳಿತವರು ಬೆಲ್ಟ್ ಹಾಕದಿದ್ದರೆ ಅವರ ಜೀವಕ್ಕೆ ಅಷ್ಟೇ ಅಲ್ಲ, ಮುಂದೆ ಕುಳಿತವರ ಜೀವಕ್ಕೂ ಕುತ್ತು. ಇದನ್ನು ನಮ್ಮ ಜನ ಇನ್ನೂ ಮನಸ್ಸಿಗೆ ತಗೊಂಡಿಲ್ಲ.

ಟ್ರಾಲಿಯ ಡ್ರೈವರ್ ಪಂಚರ್ ಅಂಗಡಿ ಹುಡುಕಿಕೊಂಡು ಹೋಗಿದ್ದ. ಹುಲ್ಲಿನ ಮೇಲೆ ಇಬ್ಬರು ಹುಡುಗರು ಕುಳಿತಿದ್ದರು, ಹುಲ್ಲು ಹೇರುವ ಕೂಲಿಗೆ ಬಂದವರು. ಬಹುಶಃ ಇಪ್ಪತ್ತರ ಆಸುಪಾಸು. ಗುದ್ದಿದ ರಭಸಕ್ಕೆ ಅವರೂ ಕೆಳಗೆ ಬಿದ್ದಿದ್ದರು. ಅವರು ಓಡಿಹೋಗಬಹುದಿತ್ತು. ಟ್ರಾಲಿ ಅವರದೇ ಕಡೆಯದು, ಪೊಲೀಸರು ಬರುತ್ತಾರೆ ಅನ್ನುವ ಭಯ ಯಾರಿಗೆ ಇರುವುದಿಲ್ಲ? ಅವರು ಓಡಲಿಲ್ಲ. ಒಬ್ಬ ಕಿಟಕಿಯಿಂದ ಕೈ ತೂರಿಸಿ ನನ್ನ ತಲೆ ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಕ್ಕಾರ, ಕಣ್ ಮುಚ್ಚಬ್ಯಾಡ್ರಿ. ಮಾತಾಡ್ಕೋತ ಇರ್ರಿ. ಯಾವೂರ್ರಿ ನಿಮ್ದು? ಮಕ್ಕಳೆಷ್ಟು?" ಅಂತ ಕೇಳುತ್ತಲೇ ಇದ್ದ. ನಾನು ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಅಷ್ಟರಲ್ಲಿ ಜನ ಸೇರಿದರು. ಯಾರೋ ನನ್ನ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆಯಲು ನೋಡಿದರು. "ಏ, ಎಳಿಬ್ಯಾಡ್ರಪ, ಕಾಲು ಒಳಗ ಸಿಕ್ಕೈತಿ" ಅಂತ ಆ ಹುಡುಗ ಜೋರಾಗಿ ಕೂಗಿದ. ಇನ್ನೊಬ್ಬ ಹಾರೆ ತಂದು ಬಾಗಿಲು ಮೀಟಿದ. 108 ಬರುವವರೆಗೆ ನನ್ನ ತಲೆ ಆ ಹುಡುಗನ ಕೈಯಲ್ಲೇ ಇತ್ತು. ಅವನ ಅಂಗೈ ಒರಟಾಗಿತ್ತು, ಬೆರಳ ಸಂದಿಯಲ್ಲಿ ಭತ್ತದ ಸುಂಕು ಚುಚ್ಚುತ್ತಿತ್ತು. ಅದು ಇವತ್ತಿಗೂ ಕೆನ್ನೆಗೆ ಗೊತ್ತಾಗುತ್ತದೆ.

ಆ ಟ್ರಾಲಿಗೆ ದೀಪ ಇರಲಿಲ್ಲ ಅನ್ನುವ ಸಿಟ್ಟು ನನಗೆ ಇವತ್ತಿಗೂ ಇದೆ. ಆ ಹುಡುಗರು ಇಲ್ಲದಿದ್ದರೆ ನಾನು ಇಲ್ಲ ಅನ್ನುವುದೂ ಗೊತ್ತು. ಎರಡೂ ನನ್ನೊಳಗೆ ಇವೆ. ಒಂದಕ್ಕಾಗಿ ಇನ್ನೊಂದನ್ನು ಬಿಡಲು ನಾನು ತಯಾರಿಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು. ರಸ್ತೆಯಲ್ಲಿ ಗಾಯಗೊಂಡವರನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಅಂತ ನಮ್ಮ ಕಡೆ ಬಹಳ ಜನ ಇನ್ನೂ ನಂಬಿದ್ದಾರೆ. ಹಾಗಿಲ್ಲ. ಸಹಾಯ ಮಾಡಿದವರಿಗೆ ಕಿರುಕುಳ ಕೊಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕರ್ನಾಟಕದಲ್ಲಿ ಇದಕ್ಕೆ ಬೇರೆ ಕಾನೂನೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಕಲಂ ಸೇರಿಸಿದರು. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. ಈಗ ಗಂಭೀರವಾಗಿ ಗಾಯಗೊಂಡವರನ್ನು ಬೇಗ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 25,000 ರೂಪಾಯಿ ಬಹುಮಾನ ಕೊಡುವ ಯೋಜನೆಯೂ ಇದೆ, ರಾಹ್‌ವೀರ್ ಅಂತ. ಹುಲ್ಲು ಹೇರಲು ಹೋಗುವ ಹುಡುಗರಿಗೆ, ಟಂಟಂ ಓಡಿಸುವವರಿಗೆ, ರಸ್ತೆ ಬದಿ ಚಹಾ ಅಂಗಡಿಯವರಿಗೆ ಇದು ಗೊತ್ತಾಗಬೇಕು. ಮೊದಲು ಓಡಿಬರುವವರು ಅವರೇ.

ಸಿರುಗುಪ್ಪದ ಆಸ್ಪತ್ರೆಯಲ್ಲಿ ಕಾಲಿಗೆ ಸ್ಪ್ಲಿಂಟ್ ಹಾಕಿ, ಸಲೈನ್ ಏರಿಸಿ, ಬಳ್ಳಾರಿಗೆ ಕಳಿಸಿದರು. ಐವತ್ತು ಚಿಲ್ಲರೆ ಕಿಲೋಮೀಟರ್. ಆ ದಾರಿಯ ಪ್ರತಿ ಹಂಪ್ಸ್ ನನ್ನ ತೊಡೆಗೆ ಗೊತ್ತು. ಅಲ್ಲಿಯ ಡಾಕ್ಟರ್ ಮನೆಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ತೊಡೆ ಎಲುಬು ಮುರಿದರೆ ಚರ್ಮ ಹರಿಯದಿದ್ದರೂ ಒಳಗೊಳಗೇ ಒಂದು ಲೀಟರ್‌ಗಿಂತ ಜಾಸ್ತಿ ರಕ್ತ ಹೋಗಬಹುದು. ಹೊರಗೆ ಒಂದು ಹನಿ ಕಾಣದೆಯೂ ಮನುಷ್ಯ ಸಾಯಬಹುದು. ಅದಕ್ಕೇ ಸ್ಪ್ಲಿಂಟ್. ಅಲ್ಲಾಡದಂತೆ ಕಟ್ಟಿದರೆ ನೋವೂ ಕಡಿಮೆ, ರಕ್ತಸ್ರಾವವೂ ಕಡಿಮೆ. ಆ ಹೊತ್ತಿಗೆ "ಅಲ್ಲಾಡಬ್ಯಾಡ" ಅನ್ನುವುದು ನೂರಕ್ಕೆ ನೂರು ಸರಿಯಾದ ಮಾತು. ಅದೇ ಮಾತು ಆಮೇಲೆ ಮನೆಯಲ್ಲಿ ಹೇಗೆ ತಪ್ಪಾಯಿತು ಅನ್ನುವುದನ್ನೇ ನಾನು ಹೇಳಹೊರಟಿದ್ದು.

ತೊಡೆಗೆ ರಾಡ್ ಹಾಕಿದರು. ಪಕ್ಕೆಲುಬು ಮೂರು ಮುರಿದಿದ್ದವು, ಅವು ತಾವಾಗಿಯೇ ಕೂಡಬೇಕು. ಎಡ ಮಣಿಕಟ್ಟಿಗೆ ಪ್ಲಾಸ್ಟರ್. ಎಲುಬಿನ ಒಳಗಿನ ಪೊಳ್ಳಿನಲ್ಲಿ ರಾಡ್ ತೂರಿಸುವ ಈ ವಿಧಾನವನ್ನು ಗೆರ್ಹಾರ್ಡ್ ಕುಂಚರ್ ಅನ್ನುವ ಜರ್ಮನಿಯ ಸರ್ಜನ್ 1939ರಲ್ಲಿ ಮನುಷ್ಯರ ಮೇಲೆ ಮೊದಲು ಮಾಡಿದರಂತೆ. ಅದಕ್ಕೂ ಮುಂಚೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ನಮ್ಮ ಅಜ್ಜನ ಕಾಲದವರು ಮರಳಿನ ಚೀಲ ಕಟ್ಟಿಕೊಂಡು ಮಲಗಿದ ಕಥೆ ಹೇಳುವುದನ್ನು ನೀವೂ ಕೇಳಿರಬಹುದು. ರಾಡ್ ಹಾಕುವುದರ ದೊಡ್ಡ ಲಾಭವೇ ಬೇಗ ಎದ್ದು ಓಡಾಡಬಹುದು ಅನ್ನುವುದು. ಆ ಲಾಭವನ್ನು ಬಿಟ್ಟು ಮಲಗಿಯೇ ಇದ್ದರೆ ರಾಡ್ ಹಾಕಿಸಿಕೊಂಡು ಅರ್ಧ ಪ್ರಯೋಜನವಿಲ್ಲ.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಉಸಿರೆಳೆದು ಚೆಂಡು ಮೇಲೆ ಏರಿಸಬೇಕು. ಪಕ್ಕೆಲುಬು ಮುರಿದವರಿಗೆ ಆಳವಾಗಿ ಉಸಿರಾಡಲು ಹೆದರಿಕೆ. ಮೇಲುಸಿರಲ್ಲೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿ. ಒಂದು ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೆಮ್ಮಿ ಅಂತ ಸಿಸ್ಟರ್ ಹೇಳಿಕೊಟ್ಟರು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇರಬೇಕು, ಇಲ್ಲದಿದ್ದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು. ಇವು ಸಣ್ಣ ಕೆಲಸಗಳ ಹಾಗೆ ಕಾಣುತ್ತವೆ. ಜೀವ ಉಳಿಸುವ ಕೆಲಸಗಳು ಇವು.

ಮನೆಯವರ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿದ್ದವು. ಅವರಿಗೆ ಹೊರಗೆ ಕಾಣುವ ಗಾಯ ಅಷ್ಟೇ. ಆದರೆ ಅವರು ಊಟ ಬಿಟ್ಟಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಒಂದು ರಾತ್ರಿ ಬಾಯಿಬಿಟ್ಟರು. "ನಾನು ಬಲಕ್ಕೆ ತಿರುಗಿಸಿದೆ. ನನ್ನ ಕಡೆ ಉಳಿಸಿಕೊಂಡು ನಿನ್ನ ಕಡೆ ಕೊಟ್ಟೆ." ಆ ಕ್ಷಣದಲ್ಲಿ ಯಾರೂ ಲೆಕ್ಕ ಹಾಕಿ ತಿರುಗಿಸುವುದಿಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಹೇಳುವವಳು. 9ನೇ ತರಗತಿಗೆ ಚಲನಶಕ್ತಿಯ ಪಾಠ ಇದೆ. ಎಕ್ಸ್‌ರೇ ಕವರಿನ ಹಿಂದೆ ಬಲಗೈಯಲ್ಲಿ ಬರೆದು ತೋರಿಸಿದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 70ರ ವೇಗದಲ್ಲಿ ಇದ್ದ ಗಾಡಿ ಬ್ರೇಕ್ ಒತ್ತಿದ್ದರಿಂದ 35ಕ್ಕೆ ಇಳಿದಿದ್ದರೆ ಹೊಡೆತದ ಶಕ್ತಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಿಲ್ಲಿಸಲು ಆಗದಿದ್ದರೂ ನೀವು ಒತ್ತಿದ ಬ್ರೇಕ್ ಮುಕ್ಕಾಲು ಭಾಗ ಹೊಡೆತವನ್ನು ತಿಂದುಹಾಕಿದೆ. ಇನ್ನು ಬಲಕ್ಕೆ ತಿರುಗಿಸದೆ ನೇರ ಹೋಗಿದ್ದರೆ ಟ್ರಾಲಿಯ ಹಲಗೆ ಗಾಜಿನ ಎತ್ತರಕ್ಕೆ ಇತ್ತು, ಅದು ನಮ್ಮಿಬ್ಬರ ಎದೆ ಕತ್ತಿನ ಮಟ್ಟ. ಇಬ್ಬರೂ ಇರುತ್ತಿರಲಿಲ್ಲ. ಇಷ್ಟನ್ನೂ ಚಿತ್ರ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಆ ಕವರ್ ನೋಡಿದರು, ಏನೂ ಅನ್ನಲಿಲ್ಲ, ಕ್ಯಾಂಟೀನಿಗೆ ಹೋಗಿ ಊಟ ಮಾಡಿಕೊಂಡು ಬಂದರು.

ಅಪಘಾತದ ಗಾಡಿ ಓಡಿಸುತ್ತಿದ್ದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೂ ನೋಡಿಕೊಳ್ಳಿ. ಬಂದುಹೋಗುವವರೆಲ್ಲ "ನೋಡಿ ಓಡಿಸಬಾರದಾ" ಅಂತ ಒಂದು ಮಾತು ಎಸೆದು ಹೋಗುತ್ತಾರೆ. ಆ ಮಾತು ರಾತ್ರಿಯೆಲ್ಲ ಅವರ ತಲೆಯಲ್ಲಿ ಓಡುತ್ತಿರುತ್ತದೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸ್ ಅಂತ ದಾಖಲು ಮಾಡುವುದು) ಆಗಿದೆಯಾ, ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿದೆಯಾ ನೋಡಿಕೊಳ್ಳಿ. ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಪ್ರತಿ ಬಿಲ್ಲು ಒಂದೇ ಫೈಲಲ್ಲಿ ಇಡಿ. ಪರಿಹಾರದ ಅರ್ಜಿಗೆ 2019ರ ತಿದ್ದುಪಡಿಯಲ್ಲಿ 6 ತಿಂಗಳ ಗಡುವು ಇಟ್ಟಿದ್ದಾರೆ, ಅದಕ್ಕೆ ಬೇಗ ಒಬ್ಬ ವಕೀಲರನ್ನು ಕೇಳಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ನಮ್ಮ ಸಲ ಇದು ಇರಲಿಲ್ಲ, ಬಂಗಾರ ಅಡ ಇಟ್ಟೆವು. ಕೇಸ್ ಹಾಕಿದರೆ ಆ ಹುಡುಗರಿಗೆ ತ್ರಾಸಾಗುತ್ತದೇನೋ ಅಂತ ಅತ್ತೆ ಹಿಂಜರಿದರು. ಪರಿಹಾರ ಕೇಳುವುದು ಟ್ರ್ಯಾಕ್ಟರ್ ಮಾಲೀಕರ ವಿಮೆಯಿಂದ, ಕೂಲಿ ಹುಡುಗರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ವಕೀಲರು ಬಿಡಿಸಿ ಹೇಳಿದ ಮೇಲೆ ಸಹಿ ಹಾಕಿದೆ.

ಇನ್ನು ಮೊಣಕಾಲು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆ ಲೆಕ್ಕವಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು. "ಕಾಲು ಅಲುಗಿಸಬ್ಯಾಡವಾ, ರಾಡ್ ಸರಿದೀತು." ಅತ್ತೆ ಕಾಲಿನ ಎರಡೂ ಬದಿಗೆ ದಿಂಬು ಇಟ್ಟು ಹಾಗೇ ನೆಟ್ಟಗೆ ಇಡಿಸಿದರು. ನಾನು ಸ್ವಲ್ಪ ಮಡಚಲು ನೋಡಿದರೆ ನನಗಿಂತ ಮೊದಲು ಅವರ ಕಣ್ಣಲ್ಲಿ ನೀರು. ಡಿಸ್ಚಾರ್ಜ್ ಚೀಟಿಯಲ್ಲಿ ವ್ಯಾಯಾಮ ಅಂತ ಬರೆದದ್ದು ಇತ್ತು, ಆದರೆ ಹೇಗೆ, ಎಷ್ಟು ಅಂತ ಕುಳಿತು ಹೇಳಿದವರು ಯಾರೂ ಇರಲಿಲ್ಲ. ಹಾಗೇ ವಾರಗಳು ಕಳೆದವು. ಅಂಟಿನ ಉಂಡಿ, ತುಪ್ಪ, ಹಾಲು, ಮಂಚ. ತೊಡೆಯ ಮುಂಭಾಗದ ಮಾಂಸಖಂಡ ದಿನದಿನಕ್ಕೂ ಕರಗುತ್ತಾ ಹೋಯಿತು.

ದೂರದ ಸಂಬಂಧದ ಮಾವ ಒಬ್ಬರು ಪುತ್ತೂರಿಗೆ ಕರೆದುಕೊಂಡು ಹೋಗೋಣ ಅಂದರು. ಆಂಧ್ರದ ಚಿತ್ತೂರು ಕಡೆಯ ಪುತ್ತೂರಲ್ಲಿ ಮುರಿದ ಎಲುಬಿಗೆ ಹಾಕುವ ನಾಟಿ ಕಟ್ಟಿಗೆ ನಮ್ಮ ಬಳ್ಳಾರಿ, ರಾಯಚೂರಿನಿಂದ ಜನ ಮೊದಲಿಂದ ಹೋಗುತ್ತಾರೆ. ಸಣ್ಣ ಮುರಿತ ವಾಸಿಯಾದವರನ್ನು ನಾನೂ ನೋಡಿದ್ದೇನೆ. ಆದರೆ ಒಳಗೆ ರಾಡ್ ಇರುವ ತೊಡೆಗೆ ಕಟ್ಟಿನ ಕೆಲಸವೇ ಇಲ್ಲ. ಬೇರೆ ಮುರಿತಕ್ಕೂ ಯಾರೇ ಕಟ್ಟು ಹಾಕಲಿ, ಪ್ಲಾಸ್ಟರೇ ಇರಲಿ, ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ತಡೆಯಲಾರದಷ್ಟು ನೋವಾದರೆ ಆ ಗಳಿಗೆಯೇ ಬಿಚ್ಚಿಸಬೇಕು. ರಕ್ತ ಓಡಾಟ ನಿಂತರೆ ಕೈಕಾಲೇ ಹೋಗುತ್ತದೆ. ಎಣ್ಣೆ ಹಾಕಿ ತಿಕ್ಕುವುದರ ಬಗ್ಗೆಯೂ ಆಮೇಲೆ ಗೊತ್ತಾಯಿತು. ಹೊಸ ಪೆಟ್ಟಿನ ಮೇಲೆ ಜೋರಾಗಿ ತಿಕ್ಕಿದರೆ ಮಾಂಸಖಂಡದ ಒಳಗೇ ಎಲುಬು ಬೆಳೆಯುವ ಅಪಾಯ ಇದೆ. ಅತ್ತೆ ಕಾಯಿಸಿ ಇಟ್ಟಿದ್ದ ಎಣ್ಣೆ ತಲೆಗೆ ಹಚ್ಚಿದೆವು.

ಎಲುಬು ಕೂಡಿದೆ ಅಂದ ದಿನವೇ ಡಾಕ್ಟರ್ ಮೊಣಕಾಲು ಮಡಚಿ ನೋಡಿ, ಇದು ಯಾಕೆ ಹೀಗಾಗಿದೆ ಅಂತ ಫಿಸಿಯೋಥೆರಪಿಗೆ ಬರೆದರು. ಮನೆಗೆ ಬರುತ್ತಿದ್ದವರು ರಾಯಚೂರಿನ ಒಬ್ಬ ಹುಡುಗಿ. ಮಾತು ಕಡಿಮೆ, ಕೈ ಗಟ್ಟಿ. ಮೊದಲ ದಿನ ಅತ್ತೆಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ರಾಡ್ ಎಲುಬು ನೋಡ್ಕೊಂತದ ಮೇಡಂ. ಮೊಣಕಾಲು ನೀವೇ ನೋಡ್ಕೋಬೇಕು. ಅಮ್ಮಾ, ನೀವು ಅತ್ರ ಇವರ ಕಾಲು ಬಗ್ಗಂಗಿಲ್ಲ." ಅಷ್ಟೇ ಹೇಳಿದ್ದು.

ಅವರು ಹೇಳಿದ ಲೆಕ್ಕ ನನಗೆ ಸರಿಯಾಗಿ ತಲೆಗೆ ಹೋಯಿತು. ಸಮತಟ್ಟು ನೆಲದಲ್ಲಿ ನಡೆಯಲು ಮೊಣಕಾಲು 60–70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು 90ರ ಆಸುಪಾಸು ಬೇಕು. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು, ಕುಕ್ಕರಗಾಲಲ್ಲಿ ಕುಳಿತುಕೊಳ್ಳಲು 110 ದಾಟಬೇಕು, ಕೆಲವು ಸಲ 130ಕ್ಕೂ ಮೇಲೆ. ಅಂದರೆ ಕುರ್ಚಿ ಮೇಲೆ ಬದುಕುವವರಿಗೆ ಪಾಸ್ ಆದ ಮೊಣಕಾಲು ನಮಗೆ ಪಾಸ್ ಆಗುವುದಿಲ್ಲ. ನನ್ನದು 85ಕ್ಕೆ ನಿಂತಿತ್ತು. ಅಳೆಯಲು ಅವರ ಹತ್ತಿರ ಒಂದು ಸಣ್ಣ ಉಪಕರಣ ಇತ್ತು. ಅವರು ಬಾರದ ದಿನಗಳಿಗೆ ನಾನು ಶಾಲೆಯಿಂದ ಬೋರ್ಡ್ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕ ತರಿಸಿಕೊಂಡೆ.

ವ್ಯಾಯಾಮ ಅಂದರೆ ದೊಡ್ಡ ಯಂತ್ರ ಏನೂ ಇಲ್ಲ. ಮಂಚದ ಮೇಲೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಪೌಡರ್ ಉದುರಿಸುವುದು. ಹಿಮ್ಮಡಿಯನ್ನು ಅದರ ಮೇಲಿಟ್ಟು ಜಾರಿಸುತ್ತಾ ಸೊಂಟದ ಕಡೆಗೆ ತರುವುದು. ಇನ್ನು ಬರುವುದಿಲ್ಲ ಅಂದಲ್ಲಿ ಪಾದಕ್ಕೆ ಹಳೆ ಸೀರೆಯ ತುಂಡು ಸುತ್ತಿ ಎರಡೂ ಕೈಯಿಂದ ಎಳೆದು ಹಿಡಿಯುವುದು. ಮೊಣಕಾಲಿನೊಳಗೆ ಹಗ್ಗ ಹರಿದ ಹಾಗೆ ಅನಿಸುತ್ತದೆ. ಹತ್ತು ಎಣಿಸಿ ಬಿಡುವುದು, ಮತ್ತೆ ಎಳೆಯುವುದು. ಆಮೇಲೆ ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತುವುದು, ಕಾಲು ನೆಟ್ಟಗೆ ಮೇಲೆತ್ತುವುದು. ಯಾವ ನೋವು ಸರಿ, ಯಾವುದು ಸರಿಯಲ್ಲ ಅಂತ ಗುರುತಿಸಲು ಅವರು ಕಲಿಸಿದರು. ಎಳೆತದ ನೋವು ಬಂದು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಚಿಂತೆಯಿಲ್ಲ. ಮರುದಿನಕ್ಕೂ ಊದಿಕೊಂಡು ಬಿಸಿಯಾಗಿ ಕೆಂಪಾಗಿದ್ದರೆ ಜಾಸ್ತಿ ಆಗಿದೆ ಅಂತ, ಡಾಕ್ಟರಿಗೆ ತೋರಿಸಬೇಕು.

ನಾನು ಮೊದಲ ವಾರ ಕೂಗಾಡಿದೆ, ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಯಾವಾಗ ಬದಲಾದರೋ ಗೊತ್ತಿಲ್ಲ, ಚಾಕ್‌ಪೀಸ್ ಹಿಡಿದು ಮಂಚದ ಪಟ್ಟಿ ಪಕ್ಕ ಕುಳಿತುಕೊಳ್ಳತೊಡಗಿದರು. ನನ್ನ ಹಿಮ್ಮಡಿ ಎಲ್ಲಿವರೆಗೆ ಬಂತೋ ಅಲ್ಲಿಗೆ ಒಂದು ಗೆರೆ. ಮರುದಿನ ಆ ಗೆರೆ ಮುಟ್ಟದೆ ಕಾಲು ಬಿಟ್ಟರೆ "ನಿನ್ನೆ ಇಲ್ಲಿತನಾ ಬಂದಿತ್ತಲ್ಲವಾ, ಇವತ್ತು ಏನಾತು?" ಅಂತ ಕೇಳುತ್ತಿದ್ದರು. ಅಲುಗಿಸಬೇಡ ಅಂದ ಬಾಯೇ ಇನ್ನಷ್ಟು ಎಳಿ ಅನ್ನತೊಡಗಿತು. ನನ್ನ ಕಾಲನ್ನು ಬಗ್ಗಿಸಿದ್ದು ಆ ಗೆರೆಗಳೇ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗಾಯಾಳುವಿನ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ದಿನವೇ ಇದನ್ನು ತೋರಿಸಿದರೆ, ವಾಕರ್ ಹಿಡಿಸಿ ಎಬ್ಬಿಸುವ ಮುಂಚೆಯೇ ತೋರಿಸಿದರೆ, ಎಷ್ಟು ಮೊಣಕಾಲು ಉಳಿಯುತ್ತವೆ!

ಈಗ 125ರ ಹತ್ತಿರ ಇದೆ. ನೆಲದ ಮೇಲೆ ಕುಳಿತುಕೊಳ್ಳುತ್ತೇನೆ, ಏಳುವಾಗ ಒಂದು ಕೈ ಊರಬೇಕು. ಹಳೆ ಮಾದರಿಯ ಪಾಯಖಾನೆ ಇರುವ ನೆಂಟರ ಮನೆಯಲ್ಲೂ ಉಳಿದುಕೊಂಡು ಬಂದಿದ್ದೇನೆ. ಇದು ಎಂಥ ದೊಡ್ಡ ವಿಷಯ ಅಂತ ಮೊಣಕಾಲು ಕಳೆದುಕೊಂಡವರಿಗೇ ಗೊತ್ತು.

ಅಂಜಿಕೆ ಬೇರೆಯದೇ ದಾರಿಯಲ್ಲಿ ಬಂತು. ಕಾಲು ಸುಧಾರಿಸಿದ ಮೇಲೆ ಬಂತು ಅನ್ನುವುದು ನನಗೆ ಆಶ್ಚರ್ಯ. ಕಾರಿನಲ್ಲಿ ಎಡ ಸೀಟಿಗೆ ಕುಳಿತರೆ ಬಲಗಾಲು ಇಲ್ಲದ ಬ್ರೇಕ್ ಒತ್ತುತ್ತಿತ್ತು. ಮುಂದೆ ಹೋಗುವ ಗಾಡಿಯ ಕೆಂಪು ದೀಪ ಕಂಡರೆ ಅಂಗೈ ಬೆವರುತ್ತಿತ್ತು. ಹಸಿ ಹುಲ್ಲಿನ ವಾಸನೆ ಬಂದರೆ ಸಾಕು, ಎದೆ ಡವಡವ. ಸಿರುಗುಪ್ಪದಲ್ಲಿ ಇದ್ದುಕೊಂಡು ಹುಲ್ಲಿನ ವಾಸನೆಯಿಂದ ತಪ್ಪಿಸಿಕೊಳ್ಳುವುದು ಹೇಗೆ? "ಅಂಜಿಕಿ ಹೊಕ್ಕೈತಿ" ಅಂತ ಅತ್ತೆ ಹುಲಿಗಿಗೆ ಕರೆದುಕೊಂಡು ಹೋದರು. ಹುಲಿಗೆಮ್ಮನ ಮುಂದೆ ನಿಂತು ನಾನು ಮನಸಾರೆ ಅತ್ತುಬಿಟ್ಟೆ, ಹಗುರಾಯಿತು, ಅದು ನಿಜ. ಮನಸ್ಸಿನ ಡಾಕ್ಟರ್ ಹತ್ತಿರವೂ ಹೋದೆ, ಅದೂ ಬೇಕಿತ್ತು. ದೊಡ್ಡ ಅಪಘಾತ ಆದವರಲ್ಲಿ ಬಹಳ ಜನಕ್ಕೆ ಹೀಗಾಗುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಅಂದರು. ದೂರ ಹೋಗಲು ಆಗದವರಿಗೆ 14416 ಅನ್ನುವ ಟೆಲಿ ಮಾನಸ್ ನಂಬರ್ ಇದೆ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡಬಹುದು. ನನಗೆ ಹೇಳಿಕೊಟ್ಟ ದಾರಿ ಸರಳ. ತಪ್ಪಿಸಿಕೊಳ್ಳುತ್ತಾ ಹೋದರೆ ಅಂಜಿಕೆ ಬೆಳೆಯುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಎದುರಾಗಬೇಕು. ಮೊದಲು ನಿಂತ ಕಾರಿನಲ್ಲಿ ಸುಮ್ನೆ ಕುಳಿತುಕೊಳ್ಳುವುದು. ಆಮೇಲೆ ಓಣಿಯಲ್ಲಿ ಒಂದು ಸುತ್ತು. ಆಮೇಲೆ ಹಗಲಲ್ಲಿ ಹೆದ್ದಾರಿ. ಎಷ್ಟೋ ತಿಂಗಳ ನಂತರ ಸಂಜೆ ಹೊತ್ತು. ಮೊಣಕಾಲಿನ ಹಾಗೇ ಇದೂ ಡಿಗ್ರಿ ಡಿಗ್ರಿಯಾಗಿಯೇ ಬಗ್ಗಿತು.

ಶಾಲೆಗೆ ವಾಪಸ್ ಹೋದ ವರ್ಷ ಕಟಾವು ಶುರುವಾಗುವ ಮುಂಚೆ ಮಕ್ಕಳಿಗೆ ಬೆಳಕಿನ ಪ್ರತಿಫಲನದ ಪಾಠ ಮಾಡುವಾಗ ರೇಡಿಯಂ ಟೇಪಿನ ಒಂದು ಸುರುಳಿ ತಗೊಂಡು ಹೋದೆ. ನಮ್ಮ ಕಡೆ ಅದನ್ನು ರೇಡಿಯಂ ಅಂತಲೇ ಕರೆಯುತ್ತಾರೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿಸಿ ಕಳಿಸುತ್ತದೆ, ಅದಕ್ಕೇ ಹೆಡ್‌ಲೈಟ್ ಬಿದ್ದರೆ ಓಡಿಸುವವನ ಕಣ್ಣಿಗೇ ಹೊಳೆಯುತ್ತದೆ. ಮಕ್ಕಳು ತಮ್ಮ ತಮ್ಮ ಮನೆಯ ಟ್ರಾಲಿಗೆ ಅಂಟಿಸಿದರು. ಆದರೆ ಒಬ್ಬ ಹುಡುಗ ಮರುದಿನವೇ ಬಂದು ಹೇಳಿದ, "ಟೀಚರ್, ಹುಲ್ಲು ಹೇರಿದ ಮ್ಯಾಲೆ ಟೇಪ್ ಕಾಣಂಗಿಲ್ಲರಿ, ಮುಚ್ಚಿಹೋಗ್ತದ." ಅವನು ಹೇಳಿದ್ದು ಸರಿ. ನಮ್ಮ ಮುಂದಿದ್ದ ಟ್ರಾಲಿಗೆ ಟೇಪ್ ಇದ್ದಿದ್ದರೂ ಕಾಣುತ್ತಿರಲಿಲ್ಲ. ಮಕ್ಕಳೇ ದಾರಿ ಹುಡುಕಿದರು. ಖಾಲಿ ಗೊಬ್ಬರದ ಚೀಲವನ್ನು ಉದ್ದಕ್ಕೆ ಕತ್ತರಿಸಿ ಅದರ ಮೇಲೆ ಕೆಂಪು ಟೇಪನ್ನು ಅಡ್ಡಡ್ಡ ಹೊಲಿಸಿದರು, ಯಾಕಂದರೆ ಬರೀ ಅಂಟಿಸಿದರೆ ಚೀಲದ ಮೇಲೆ ಅದು ನಿಲ್ಲುವುದಿಲ್ಲ. ಮೇಲೆ ಎರಡು ಮೂಲೆಗೆ ಹಗ್ಗ. ಹುಲ್ಲು ಹೇರಿ ಬಿಗಿದ ಮೇಲೆ ಹಿಂದೆ ಜೋತುಬಿಡುವುದು, ಕೆಳ ಅಂಚನ್ನು ಟ್ರಾಲಿಗೆ ಕಟ್ಟುವುದು, ಗಾಳಿಗೆ ಮಗುಚಬಾರದು. ಎರಡು ಟ್ರಾಲಿ ಒಂದರ ಹಿಂದೆ ಒಂದು ಇದ್ದರೆ ಕೊನೆಯದಕ್ಕೆ ಹಿಂದೆ, ಎರಡಕ್ಕೂ ಬಲಬದಿಗೆ.

ಕೆಲವು ಮಾಲೀಕರು ಬೇಡ ಅಂದರು, ಚೀಲ ಕಟ್ಟಿ ಬಿಚ್ಚುವುದು ರಗಳೆ ಅಂತ. ಅವರ ಮನೆಗೆ ಮಕ್ಕಳು ಮತ್ತೆ ಹೋಗುತ್ತಿದ್ದಾರೆ. ನಿಮ್ಮ ಊರಲ್ಲಿ ಟ್ರಾಲಿ ಇದ್ದರೆ ಮಾಡಿ ನೋಡಿ. ಟೇಪು ಎರಡು ಇಂಚು ಅಗಲದ್ದು ತಗೊಳ್ಳಿ, ಹಿಂದೆ ಕಟ್ಟುವುದಕ್ಕೆ ಕೆಂಪು ಮಾತ್ರ, ಹಳದಿ ಬೇಡ, ಹಿಂದಿನಿಂದ ಬರುವವರಿಗೆ ಇದು ಗಾಡಿಯ ಹಿಂಭಾಗ ಅಂತ ಗೊತ್ತಾಗಬೇಕು. ಟೇಲರ್ ಹತ್ತಿರ ಹೋಗುವ ಮುಂಚೆ ಚೀಲ ತೊಳೆದು ಒಣಗಿಸಿ. ಗೊಬ್ಬರದ ಪುಡಿ ಇದ್ದರೆ ಅವರು ಮಷಿನ್‌ಗೆ ಹಾಕಲು ಒಪ್ಪುವುದಿಲ್ಲ.